ಹಲಸಿನ ಬಾಗಿಲಿನ ಕೆಂಪು ಕೈ

ಪಾಲಿಶ್ ಕೆಲಸಕ್ಕೆ ಕೈ ಹಗುರವಾಗಿರಬೇಕು, ಕಣ್ಣು ಚುರುಕಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಎದೆ ಗಟ್ಟಿಯಾಗಿರಬೇಕು ಎಂದು ಮಾತ್ರ ನನಗೆ ಯಾರೂ ಹೇಳಲಿಲ್ಲ. ನಾನೋ ಹುಟ್ಟಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ಕೈಯಲ್ಲಿದ್ದ ಚಹಾ ಚೆಲ್ಲಿಕೊಳ್ಳುವ ಜನ. ಇಂಥ ನಾನು ಜೀವಮಾನವಿಡೀ ಮಾಡಿದ ಕೆಲಸ ಹೇಗಿತ್ತೆಂದರೆ, ಸಂಜೆ ಚೆಂದ ಕಂಡ ಮೇಜು ಬೆಳಿಗ್ಗೆ ಹೋಗಿ ನೋಡುವಾಗ ಮೈಮೇಲೆ ಚಿಬ್ಬು ಎದ್ದ ಹಾಗೆ ಮಚ್ಚೆ ಮಚ್ಚೆಯಾಗಿ ನಿಂತಿರುತ್ತಿತ್ತು. ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದೆ. ಇಷ್ಟು ವರ್ಷ ಕಳೆದರೂ ಅದು ಅಭ್ಯಾಸವಾಗಲಿಲ್ಲ.

ಈಗ ಬ್ರಷ್ ಕೆಳಗಿಟ್ಟು ಅಂಬಲಪಾಡಿಯ ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ಕೆಲಸಕ್ಕೆ ಇಳಿದವರು ಫೋನಿನಲ್ಲಿ ಫೋಟೋ ಕಳಿಸುತ್ತಾರೆ. "ಶೇಖರಣ್ಣ, ನೋಡಿ ಮಾರಾಯ್ರೆ, ಮರಕ್ಕೆ ಸ್ಟೇನ್ ಬಣ್ಣ ಹಾಕಿದ್ದು ಹೀಗಾಗಿದೆ. ಇನ್ನೆಂತ ಮಾಡುದು?" ಎಂದು ಕೇಳುತ್ತಾರೆ. ಮೊದಲು ಹೆದರಿಕೊಳ್ಳಿ, ಆಮೇಲೆ ಹೇಳುತ್ತೇನೆ ಎನ್ನುತ್ತೇನೆ. ತಮಾಷೆಯಲ್ಲ. ಮಚ್ಚೆ ಕಂಡಾಗ ಹೆದರದವನು ಅದರ ಮೇಲೆ ಇನ್ನೊಂದು ಕೋಟು ಬಣ್ಣ ಎಳೆಯುತ್ತಾನೆ. ಅಲ್ಲಿಗೆ ಕೆಲಸ ಕೆಟ್ಟಿತು. ಹೆದರಿದವನು ನಿಲ್ಲುತ್ತಾನೆ, ಮರ ಯಾಕೆ ಹೀಗೆ ಮಾಡಿತು ಎಂದು ಬಗ್ಗಿ ನೋಡುತ್ತಾನೆ.

ನನಗೆ ಕೆಲಸ ಕಲಿಸಿದವರು ಪದ್ದು ಮೇಸ್ತ್ರಿ. ಉಡುಪಿಯ ಒಂದು ಫರ್ನಿಚರ್ ಶೆಡ್ಡಿನಲ್ಲಿ ಅವರ ಕೈಕೆಳಗೆ ಸೇರಿದ ಮೊದಲ ವಾರವೇ ನನಗೆ ಆಘಾತ ಕಾದಿತ್ತು. ಕುರ್ಚಿಯೊಂದನ್ನು ಬೆಣ್ಣೆಯ ಹಾಗೆ ಉಜ್ಜಿ ಇಟ್ಟಿದ್ದೆ. ಮೇಸ್ತ್ರಿ ಬಂದವರೇ ಬಾಲ್ದಿಯಿಂದ ಒದ್ದೆ ಬಟ್ಟೆ ಎತ್ತಿ ಕುರ್ಚಿಯ ಮೇಲೆಲ್ಲ ಒರೆಸಿಬಿಟ್ಟರು. ನಾನು "ಅಯ್ಯೋ!" ಎಂದು ಕೂಗಿದೆ. ಒಣ ಮರಕ್ಕೆ ನೀರು ತಾಗಿಸುವುದೇ? ಅವರು ನನ್ನ ಕುತ್ತಿಗೆ ಹಿಡಿದು ಕುರ್ಚಿಯ ಹತ್ತಿರ ಬಗ್ಗಿಸಿದರು. ಕೀಲುಗಳ ಸುತ್ತ ಗೋಂದು ಸೋರಿದ ಕಡೆ ನೀರು ಹಿಡಿಯದೆ ಬಿಳಿ ಬಿಳಿಯಾಗಿ ಕಾಣುತ್ತಿತ್ತು. ಮರದ ನಾರಿಗೆ ಅಡ್ಡವಾಗಿ ನಾನು ಉಜ್ಜಿದ್ದ ಕಡೆಯೆಲ್ಲ ಬೆಕ್ಕು ಪರಚಿದಂತೆ ಗೆರೆಗಳಿದ್ದವು.

"ನೋಡಿದ್ಯಾ? ಮರ ತನ್ನ ಕಷ್ಟವನ್ನು ಮೊದಲು ನೀರಿಗೆ ಹೇಳ್ತದೆ. ನೀನು ಕೇಳದಿದ್ರೆ ಬಣ್ಣ ಹಾಕಿದ ಮೇಲೆ ಊರಿಗೆಲ್ಲ ಹೇಳ್ತದೆ" ಎಂದರು ಮೇಸ್ತ್ರಿ.

ನಮ್ಮ ಕಸುಬಿನ ಮುಕ್ಕಾಲು ಪಾಲು ಅಷ್ಟೇ. ಮೆತ್ತಗಿನ ಮರ ಬಣ್ಣವನ್ನು ಹೆಚ್ಚು ಕುಡಿಯುತ್ತದೆ, ಗಟ್ಟಿ ಇರುವಲ್ಲಿ ಕಡಿಮೆ ಕುಡಿಯುತ್ತದೆ. ಗೋಂದು, ಎಣ್ಣೆ, ಬೆವರಿದ ಕೈಯ ಜಿಡ್ಡು ಇರುವಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಮಚ್ಚೆ ಎಂದರೆ ಬೇರೇನಲ್ಲ. ಬಣ್ಣವನ್ನು ಥಿನ್ನರಿನಿಂದ ತೆಗೆದು, ನಾರಿನ ಉದ್ದಕ್ಕೆ ಮತ್ತೆ ಉಜ್ಜಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೀರಾ ತೆಳ್ಳಗೆ ಒಂದು ಕೈ ಹಚ್ಚಬೇಕು. ಆಗ ಮರದ ದಾಹ ಎಲ್ಲ ಕಡೆ ಒಂದೇ ಸಮನಾಗುತ್ತದೆ. ಅದರ ಮೇಲೆ ಸ್ಟೇನ್ ಒರೆಸಿದರೆ ಮಾತು ಕೇಳುತ್ತದೆ. ಹೇಳಲಿಕ್ಕೆ ಎರಡು ಸಾಲು, ಕೈಗೆ ಹತ್ತಲಿಕ್ಕೆ ಅರ್ಧ ಆಯುಷ್ಯ.

ಮಣಿಪಾಲಕ್ಕೆ ಫ್ಲ್ಯಾಟುಗಳು ಬಂದ ಮೇಲೆ ನಮ್ಮ ಗ್ರಾಹಕರೂ ಬದಲಾದರು. ಮೊದಲು "ಸಾಗುವಾನಿಯ ಹಾಗೆ ಕಾಣಲಿ" ಎಂದರೆ ಮುಗಿಯಿತು. ಈಗ ಫೋನನ್ನು ಮೂಗಿಗೆ ಹಿಡಿದು "ಈ ಶೇಡ್ ಬೇಕು" ಎನ್ನುತ್ತಾರೆ. ಅದೇ ಫೋನಿನ ಬೆಳಕು ಹೆಚ್ಚು ಮಾಡಿದರೆ ಶೇಡೇ ಬೇರೆ! ಒಬ್ಬರು ಮೇಡಮ್ಮನವರ ಊಟದ ಮೇಜನ್ನು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಿಂದ ಮಾಡಿದ್ದರು. ಅದಕ್ಕೆ ಕಡು ಕಂದು ಹಚ್ಚಿದ್ದೇ ತಡ, ಇಡೀ ಮೇಜು ಭೂಪಟವಾಯಿತು. ಅವರು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವುದರೊಳಗೆ ಎಲ್ಲ ತೆಗೆದು, ಉಜ್ಜಿ, ಅರಗು ಹಚ್ಚಿ, ಸಮ ಮಾಡಿಟ್ಟು, ದೇವರಿಗೆ ಕೈ ಮುಗಿದು ನಿಂತೆ. ಮೇಡಮ್ಮ ಬಂದು ಮೇಜು ನೋಡಿದರು. ಮುಖ ಸಪ್ಪಗಾಯಿತು.

"ಮಧ್ಯಾಹ್ನ ಪಕ್ಕದ ಮನೆಯವರು ಈ ಮೇಜಿನ ಫೋಟೋ ಕಳಿಸಿದ್ರಲ್ಲ, ಅದ್ರಲ್ಲಿ ಚೆಂದ ಇತ್ತು. ನ್ಯಾಚುರಲ್ ಆಗಿ ಮಚ್ಚೆ ಮಚ್ಚೆ ಇತ್ತು. ಅದನ್ನು ಯಾಕೆ ತೆಗೆದ್ರಿ?"

ಯಾವುದನ್ನು ಅಳಿಸಲು ಬೆನ್ನು ಮುರಿದುಕೊಂಡೆನೋ ಅದೇ ಈಗ ಫ್ಯಾಷನ್ ಆಗಿತ್ತು. ಅಂದಿನಿಂದ ತೆಗೆಯುವ ಮೊದಲು ಕೇಳುವುದನ್ನು ಕಲಿತೆ.

ಕಾರ್ಕಳದ್ದು ನಗುವ ಕಥೆಯಲ್ಲ. ಅಲ್ಲೊಂದು ಹೊಸ ಅಂಗಡಿಯ ಉದ್ಘಾಟನೆಗೆಂದು ಆಷಾಢದ ಮಳೆಯಲ್ಲೇ ಕಪಾಟುಗಳಿಗೆ ಪಾಲಿಶ್ ಸ್ಪ್ರೇ ಮಾಡಿಸಿದರು. ಹೊತ್ತಿಗೆ ಮುಗಿಯಲೇಬೇಕು ಎಂದು ಹಟ ಹಿಡಿದವರು ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಪಾಲಿಶ್ ಬೆಳ್ಳಗಾಗುತ್ತದೆ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಪಾಟುಗಳೆಲ್ಲ ವಿಭೂತಿ ಬಳಿದಂತೆ ಆದವು. ನಾನು ಸರಿಪಡಿಸುವ ಥಿನ್ನರ್ ತರಲು ಹೊರಗೆ ಹೋಗಿ ಬಂದೆ. ಬಂದು ನೋಡುತ್ತೇನೆ, ಆ ಸೂಪರ್‌ವೈಸರ್ ಕೋಣೆಯ ತೇವ ಆರಿಸಲೆಂದು ಪಕ್ಕದ ಹೋಟೆಲಿನಿಂದ ಬಾಣಲೆ ತುಂಬ ಕೆಂಡ ತರಿಸಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲು ದಾಟುತ್ತಿದ್ದಾರೆ! ಒಳಗೆ ಥಿನ್ನರಿನ ಹಬೆ ಕಣ್ಣುರಿಯುವಷ್ಟು ತುಂಬಿತ್ತು. ಒಂದು ಕಿಡಿ ಸಾಕು, ಇಡೀ ಅಂಗಡಿ ಹೊತ್ತಿಕೊಳ್ಳಲು. ಅವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ. ಕೆಂಡ ಮಳೆನೀರಿಗೆ ಬಿದ್ದು ಚುಂಯ್ ಎಂದಿತು. ಅವರು ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟೆ. ಮೇಲಿನವರು ಹೇಳಿದ್ದನ್ನು ಕೇಳಬೇಕು, ನಿಜ. ಕೆಂಡ ತರುವವರ ಮಾತನ್ನು ಮಾತ್ರ ಕೇಳಬೇಡಿ.

ಇಷ್ಟೆಲ್ಲ ಆಘಾತಗಳಿಂದ ನಾನು ಮರದ ಬಗ್ಗೆ ಕಲಿತೆ. ಮನುಷ್ಯರ ವಿಷಯದಲ್ಲಿ ನಾನು ಬೆಚ್ಚಿಬಿದ್ದದ್ದು ಕಾಪುವಿನಲ್ಲಿ, ಒಂದು ಬಾಗಿಲಿನ ಮುಂದೆ.

ನಮ್ಮ ಕಡೆ ಗೃಹಪ್ರವೇಶದ, ಅಂದರೆ ಒಕ್ಕಲಿನ, ಮುಹೂರ್ತ ಪಾಲಿಶಿನವನಿಗಾಗಿ ಕಾಯುವುದಿಲ್ಲ. ಗೋಡೆಗೆ ಬಣ್ಣ ಆಗಿರಲಿ ಬಿಡಲಿ, ಬಾಗಿಲು ಬರಿ ಮರವೇ ಇರಲಿ, ಒಳ್ಳೆಯ ದಿನ ಸಿಕ್ಕಿದರೆ ಹಾಲು ಉಕ್ಕಿಸಿಬಿಡುತ್ತಾರೆ. ಆ ಬರಿ ಮರವೋ, ದೀಪದ ಎಣ್ಣೆ, ಎಳನೀರು, ಕುಂಕುಮ, ಅರಸಿನ ಎಲ್ಲವನ್ನೂ ಹೀರಿಕೊಂಡು ಕುಳಿತಿರುತ್ತದೆ. ಆಮೇಲೆ ನಾವು ಹೋಗಿ ಅದಕ್ಕೆ ಬಣ್ಣ ಹಚ್ಚಬೇಕು. ಕರಾವಳಿಯ ಬಾಗಿಲುಗಳಲ್ಲಿ ಮಚ್ಚೆ ಹೆಚ್ಚಾಗುವುದಕ್ಕೆ ಇದೊಂದು ದೊಡ್ಡ ಕಾರಣ.

ಕಾಪುವಿನ ಸುಧಾಕರನ ಹೊಸ ಮನೆಯ ಬಾಗಿಲೂ ಹೀಗೆಯೇ ನನ್ನ ಕೈಗೆ ಬಂತು. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಮನೆ. ಹಳೆಯ ಹಲಸಿನ ಮರದ ದಪ್ಪ ಬಾಗಿಲು, ಜೇನಿನಂಥ ಹಳದಿ. ಸುಧಾಕರನಿಗೆ ಪೇಟೆಯಲ್ಲಿ ಆಟೋ ಬಿಡಿಭಾಗಗಳ ಅಂಗಡಿ. ಹೆಂಡತಿ ಶ್ವೇತಾ ತುಂಬು ಬಸುರಿ. ತಾಯಿ ಕಮಲಕ್ಕ ಗಂಡ ತೀರಿಹೋದ ಮೇಲೆ ಕಾರ್ಕಳದ ಕಡೆಯ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮಗನನ್ನು ಬೆಳೆಸಿದವರು. ಗೇರಿನ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಅವರ ಬಲಗೈಯ ತೋರುಬೆರಳು ಸುಟ್ಟು, ನಡುವಿನಲ್ಲಿ ಮಡಚಿ, ಮತ್ತೆ ನೆಟ್ಟಗಾಗದೆ ಉಳಿದಿತ್ತು. ಆ ಬೆರಳನ್ನು ಲೋಟದಿಂದ ದೂರ ಹಿಡಿದೇ ನಮಗೆ ಚಹಾ ಕೊಡುತ್ತಿದ್ದರು.

ನನ್ನ ಜೊತೆ ಉಜ್ಜುವ ಕೆಲಸಕ್ಕೆ ಬಸವ್ವ ಇದ್ದಳು. ಬಾಗಲಕೋಟೆ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಗಂಡನೊಂದಿಗೆ ಬಂದವಳು, ಗಂಡ ಸತ್ತ ಮೇಲೂ ಇಲ್ಲೇ ಉಳಿದು ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಳು. ಸ್ಯಾಂಡ್ ಪೇಪರ್ ಹಿಡಿದರೆ ಅವಳಷ್ಟು ಸಮನಾಗಿ ಉಜ್ಜುವವರನ್ನು ನಾನು ಕಂಡಿಲ್ಲ. ಮೊದಲ ದಿನ ನಾನು ಉಡುಪಿಯ ಬಣ್ಣದ ಅಂಗಡಿಗೆ ಹೋಗಿದ್ದೆ, ಬಸವ್ವ ಒಬ್ಬಳೇ ಬಾಗಿಲಿನ ಹೊರಮುಖವನ್ನು ಉಜ್ಜಿ ಮುಗಿಸಿ ಮನೆಗೆ ಹೋಗಿದ್ದಳು. ಒಳಮುಖ ಮರುದಿನಕ್ಕೆ ಉಳಿದಿತ್ತು. ಅದರ ಮೇಲೆ ಎಣ್ಣೆಯ ಜಿಡ್ಡು ಇರುವುದನ್ನು ಕಂಡ ಸುಧಾಕರ, ನಮಗೆ ಸಹಾಯವಾಗಲಿ ಎಂದು ತಾನೇ ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡ ಹಾಕಿ ಸಂಜೆಗತ್ತಲಲ್ಲಿ ತಿಕ್ಕಿ ತೊಳೆದಿದ್ದಾನೆ.

ಮರುದಿನ ನಾವು ಹೋಗುವಾಗ ಶ್ವೇತಾ ಅಂಗಳದ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಸುಧಾಕರ ಬಾಗಿಲಿನ ಕಡೆಗೆ ಕೈ ತೋರಿಸಿದ. ಒಳಮುಖದಲ್ಲಿ, ಚಿಲಕದಿಂದ ಸ್ವಲ್ಪ ಕೆಳಗೆ, ಒಂದು ಕೈ. ಅಂಗೈ, ಬೆರಳುಗಳು ರಕ್ತದಂತೆ ಕೆಂಪು. ಮರದ ಒಳಗಿಂದಲೇ ಯಾರೋ ಹೊರಕ್ಕೆ ಒತ್ತಿದಂತೆ ಇತ್ತು. ನನ್ನ ಜೀವಮಾನದಲ್ಲಿ ಅಂಥ ಮಚ್ಚೆ ನೋಡಿರಲಿಲ್ಲ. ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು.

"ಯಾರೋ ಮಾಟ ಮಾಡಿದ್ದಾರೆ ಶೇಖರಣ್ಣ. ಬಸುರಿ ಇರುವ ಮನೆಗೆ ರಕ್ತದ ಕೈ!" ಎಂದ ಸುಧಾಕರ.

ನನಗೂ ಓಡಿಹೋಗಬೇಕು ಅನಿಸಿತು. ಆದರೆ ನೆಲದ ಮೇಲೆ ಸೋಡದ ಪೊಟ್ಟಣ ಬಿದ್ದಿರುವುದು ಕಣ್ಣಿಗೆ ಬಿತ್ತು. ಬಿಳಿ ಪಂಚೆಗೆ ಅರಸಿನ ತಾಗಿದ್ದನ್ನು ಮರೆತು ಸಾಬೂನು ಹಾಕಿದರೆ ಏನಾಗುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಅರ್ಧ ಲಿಂಬೆಹಣ್ಣು ಕೇಳಿ ತರಿಸಿದೆ. ಉಸಿರು ಬಿಗಿಹಿಡಿದು ಹೆಬ್ಬೆರಳಿನ ಗುರುತಿನ ಮೇಲೆ ಉಜ್ಜಿದೆ. ಎಲ್ಲರ ಕಣ್ಣೆದುರೇ ಕೆಂಪು ಇಳಿದು ಹಳದಿಯಾಯಿತು.

"ರಕ್ತ ಅಲ್ಲ ಮಾರಾಯ್ರೆ, ಅರಸಿನ" ಎಂದೆ. "ಹಲಸಿನ ಮರವೂ ಹಳದಿ, ಅರಸಿನವೂ ಹಳದಿ. ಇಷ್ಟು ದಿನ ಯಾರಿಗೂ ಕಾಣಲಿಲ್ಲ. ನೀವು ಸೋಡ ಹಾಕಿದ್ರಿ, ಕೆಂಪಾಯ್ತು."

ಶ್ವೇತಾ ದೊಡ್ಡದಾಗಿ ಉಸಿರು ಬಿಟ್ಟಳು. ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನೂ ನಕ್ಕೆ. ಸುಧಾಕರ ನಗಲಿಲ್ಲ.

"ಅರಸಿನ ಆದ್ರೆ ಇಟ್ಟದ್ದು ಯಾರು? ಒಕ್ಕಲಿನ ದಿನ ಶ್ವೇತಾ ಮತ್ತೆ ನನ್ನ ಚಿಕ್ಕಮ್ಮ ಹೊಸ್ತಿಲಿಗೆ ಮಾತ್ರ ಹಚ್ಚಿದ್ದು. ಮುತ್ತೈದೆಯರು ಅವರಿಬ್ಬರೇ. ಬಾಗಿಲಿನ ಒಳಗಡೆ ಯಾರೂ ಮುಟ್ಟಲಿಲ್ಲ." ಅವನು ತಿರುಗಿ ಬಸವ್ವನನ್ನು ನೋಡಿದ. "ನಿನ್ನೆ ಇಡೀ ದಿನ ಈ ಬಾಗಿಲಿನ ಹತ್ತಿರ ಒಬ್ಬಳೇ ಇದ್ದದ್ದು ನೀನು."

ಬಸವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾ ಯಾಕ ಇಡ್ಲಿ ಅಣ್ಣಾರ? ನಾ ಹೊರಗಿನ ಮಗ್ಗಲಾ ತಿಕ್ಕಿ ಹೋಗೇನ್ರಿ. ಅರಿಶಿಣ ಮುಟ್ಟಿಲ್ರಿ ನಾ. ನನ್ನ ಮಕ್ಕಳ ಆಣಿ ಐತ್ರಿ."

"ಗಂಡ ಸತ್ತವಳು ನನ್ನ ಹೊಸ ಬಾಗಿಲಿಗೆ ಅರಸಿನದ ಕೈ ಇಟ್ಟದ್ದಲ್ವಾ! ಇನ್ನು ಈ ಮನೆಗೆ ಒಳ್ಳೇದಾಗ್ಲಿಕ್ಕುಂಟಾ?" ಸುಧಾಕರ ಅವಳ ಕೆಲಸದ ಚೀಲವನ್ನು ಎತ್ತಿ ಗೇಟಿನಾಚೆ ಎಸೆದ. "ಕಾಪುವಿನಲ್ಲಿ ಇನ್ನು ನಿನಗೆ ಯಾರು ಕೆಲಸ ಕೊಡ್ತಾರೆ ನಾನೂ ನೋಡ್ತೇನೆ."

ಬರಿ ಬಾಯಿಮಾತಲ್ಲ ಅದು. ಅವನ ಅಂಗಡಿಗೆ ಊರಿನ ಎಲ್ಲ ಗುತ್ತಿಗೆದಾರರೂ ಬರುತ್ತಿದ್ದರು. ಮಾಟದ ಹೆಂಗಸು ಎಂಬ ಒಂದು ಮಾತು ಹೊರಬಿದ್ದರೆ ಬಸವ್ವನಿಗೆ ಕೂಲಿಯೂ ಇಲ್ಲ, ಬಾಡಿಗೆಯ ಕೋಣೆಯೂ ಇಲ್ಲ, ಮಕ್ಕಳ ಶಾಲೆಯೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಕೈ ಇಟ್ಟು ಹೋಲಿಸಿ ನೋಡುವ, ಬಾ ಬಸವ್ವ" ಎಂದೆ. "ಅವಳು ಇನ್ನೊಮ್ಮೆ ಮುಟ್ಟುವುದು ಬೇಡ!" ಎಂದು ಸುಧಾಕರ ಅಡ್ಡ ನಿಂತ.

ಹಾಗಾದರೆ ನಾನೇ ನೋಡುತ್ತೇನೆ ಎಂದು ಬಾಗಿಲಿಗೆ ಮುಖ ಹತ್ತಿರ ಹಿಡಿದೆ. ಎಲ್ಲ ಬೆರಳುಗಳೂ ಉದ್ದಕ್ಕೆ ಮೂಡಿದ್ದವು, ತೋರುಬೆರಳು ಬಿಟ್ಟು. ಅದರ ಬುಡ ಮೂಡಿತ್ತು, ತುದಿ ಒಂದು ಚುಕ್ಕೆಯಾಗಿ ಮೂಡಿತ್ತು, ನಡುವೆ ಖಾಲಿ. ಮಡಚಿದ ಬೆರಳು ಮರಕ್ಕೆ ತಾಗುವುದು ಹಾಗೆಯೇ.

ಬಾಗಿಲು ನೋಡಲು ಬಂದ ದಿನವೇ ಆ ಕೈಯಿಂದ ನಾನು ಚಹಾ ತೆಗೆದುಕೊಂಡಿದ್ದೆ. ರಕ್ತದ ಕೈ ಕಂಡಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ. ಕಮಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮಗ ಆಡಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ನಾನು ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತದೆ, ಸುಮ್ಮನಿದ್ದರೆ ಬಸವ್ವನ ಬದುಕು ಹೋಗುತ್ತದೆ. ಏನು ಹೇಳಲಿ?

ಕಮಲಕ್ಕ ತಾವೇ ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಮಗನನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಆ ಗುರುತಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಅವಳನ್ನು ಯಾಕೆ ಬೈತಿ ಮಗಾ? ಇದು ನನ್ನ ಕೈ."

ಸುಧಾಕರ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಂಗಳದಲ್ಲಿ ಶ್ವೇತಾ ಎದ್ದು ನಿಂತಳು.

"ಒಕ್ಕಲಿನ ದಿನ ನೀವು ಯಾರೂ ಏಳುವ ಮೊದಲು ಇಟ್ಟೆ" ಎಂದರು ಕಮಲಕ್ಕ, ಬಾಗಿಲಿನಿಂದ ಕೈ ತೆಗೆಯದೆ. "ಹೊತ್ತು ಮೂಡಿದ ಮೇಲೆ ನನ್ನನ್ನು ಹಿಂದೆ ಪಾತ್ರೆಯ ಹತ್ತಿರ ಕೂರಿಸ್ತಾರೆ ಅಂತ ಗೊತ್ತಿತ್ತು. ಕೂರಿಸಿದ್ರಿ ಕೂಡ. ಈ ಮನೆಯ ಕಲ್ಲು ನನ್ನ ದುಡಿಮೆಯದ್ದು ಅಲ್ವಾ? ಒಂದು ಸಲ ಮುಟ್ಟಿ ಬರುವ ಅನಿಸಿತು. ಆಮೇಲೆ ಹೆದರಿಕೆಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಯ್ತು ಅಂತ ಅಂದುಕೊಂಡಿದ್ದೆ. ನನ್ನ ಕೈಯಿಂದ ಕೆಟ್ಟದಾಗುವುದಿದ್ರೆ ನೀನು ಯಾವಾಗಲೋ ಕೆಟ್ಟು ಹೋಗ್ಬೇಕಿತ್ತು ಮಗಾ. ನಿನಗೆ ಉಣಿಸಿದ್ದು ಇದೇ ಕೈ."

ಸುಧಾಕರ ತಲೆ ತಗ್ಗಿಸಿ ಗೇಟು ದಾಟಿ ಹೋದ. ಮನೆ ಬಿಟ್ಟೇ ಹೋದನೇನೋ ಎಂದು ನಾನು ದಂಗಾದೆ. ಆದರೆ ಅವನು ಬಸವ್ವನ ಚೀಲವನ್ನು ಎತ್ತಿ, ಅದರ ಧೂಳು ಕೊಡವಿ, ಚೆಲ್ಲಿಹೋಗಿದ್ದ ಸ್ಯಾಂಡ್ ಪೇಪರುಗಳನ್ನು ಒಂದೊಂದಾಗಿ ಹೆಕ್ಕಿ ತುಂಬಿ ತಂದು ಅವಳ ಕೈಗೆ ಕೊಟ್ಟ. "ತಪ್ಪಾಯ್ತಕ್ಕ" ಎಂದ. ಬಸವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅತ್ತುಬಿಟ್ಟಳು. ನನ್ನ ಕಣ್ಣಲ್ಲೂ ನೀರಿತ್ತು, ಥಿನ್ನರಿನ ನೆಪ ಹೇಳಲು ಡಬ್ಬಿ ಇನ್ನೂ ತೆರೆದಿರಲಿಲ್ಲ.

ಆಮೇಲೆ ಸುಧಾಕರ ನನ್ನ ಕಡೆ ತಿರುಗಿ, "ಶೇಖರಣ್ಣ, ಆ ಕೈಯನ್ನು ತೆಗೀಬೇಡಿ. ಅದರ ಮೇಲೆಯೇ ಪಾಲಿಶ್ ಹಾಕಿ, ಹಾಗೇ ಉಳೀಲಿ" ಎಂದ.

ಮಚ್ಚೆ ತೆಗೆಯಲು ಬಾರದೆ ನಾನು ಎಷ್ಟೋ ಸಲ ನಾಚಿದ್ದೇನೆ. ಉಳಿಸಲು ಬಾರದೆ ನಾಚಿದ್ದು ಅದೊಂದೇ ಸಲ. "ನಿಲ್ಲುವುದಿಲ್ಲ ಮಾರಾಯ್ರೆ" ಎಂದೆ. "ಸ್ಪಿರಿಟ್ ತಾಗಿದರೆ ಅರಸಿನ ಕರಗಿ ಹರಡ್ತದೆ. ಏನೂ ಹಚ್ಚದೆ ಬಿಟ್ಟರೆ ಬಿಸಿಲಿಗೆ ಬಾಡಿ ಹೋಗ್ತದೆ. ಎಷ್ಟು ಒಳ್ಳೆಯ ಪಾಲಿಶ್ ಹಾಕಿದ್ರೂ ಈ ಬಣ್ಣವನ್ನು ಹಿಡಿದಿಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಸುಧಾಕರನ ಮುಖ ಮತ್ತೆ ಬಾಡಿತು. ಕಮಲಕ್ಕ ಮಾತ್ರ ನಕ್ಕರು. ಅವರು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋದ್ರೆ ಹೋಗ್ಲಿ. ನೀವು ಚೆಂದ ಮಾಡಿ ಪಾಲಿಶ್ ಮುಗಿಸಿ" ಎಂದರು. "ಇನ್ನೊಮ್ಮೆ ಇಡ್ತೇನೆ. ಈ ಸಲ ನೀವೆಲ್ಲ ಎದ್ದ ಮೇಲೆ."